ಬಟ್ಟೆಯ ಚಾವಣಿಯೋ ಗಟ್ಟಿ ಚಾವಣಿಯೋ: ಎಂಎಕ್ಸ್-5 ಕೊಳ್ಳುವ ಮುನ್ನ

ಪ್ರಶ್ನೆ: ನಾವು ಮೂಲತಃ ತೀರ್ಥಹಳ್ಳಿ ಕಡೆಯವರು. ಇಂಗ್ಲೆಂಡಿನ ರೀಡಿಂಗ್‌ನಲ್ಲಿ ನೆಲೆಸಿ ಬಹಳ ವರ್ಷಗಳಾದವು. ಮಕ್ಕಳು ಬೇರೆ ಊರುಗಳಲ್ಲಿ ಓದುತ್ತಿದ್ದಾರೆ. ಮನೆಯಲ್ಲಿ ಒಂದು ದೊಡ್ಡ ಕಾರು ಇದೆ. ಅದರ ಜೊತೆಗೆ ಚಾವಣಿ ತೆರೆಯುವ, ಎರಡು ಸೀಟಿನ ಮಾಜ್ದಾ ಎಂಎಕ್ಸ್-5 ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬೇಕೆಂಬುದು ನನ್ನ ಹಳೆಯ ಆಸೆ. ಬಟ್ಟೆಯ ಚಾವಣಿಯದನ್ನು ತೆಗೆದುಕೊಳ್ಳಲೇ, ಗಟ್ಟಿ ಚಾವಣಿ ಮಡಚಿಕೊಳ್ಳುವ ಆರ್‌ಎಫ್ ತೆಗೆದುಕೊಳ್ಳಲೇ ಎಂದು ತೀರ್ಮಾನಿಸಲಾಗುತ್ತಿಲ್ಲ. ವಾರಕ್ಕೆ ಮೂರು ದಿನ ಎಂ4 ಹೆದ್ದಾರಿಯಲ್ಲಿ ಸ್ಲೌ ತನಕ ಹೋಗಿಬರಬೇಕು. ಗ್ಯಾರೇಜ್ ಇಲ್ಲ, ಕಾರು ರಸ್ತೆ ಬದಿಯ ಮರದ ಕೆಳಗೇ ನಿಲ್ಲಬೇಕು. ಬಟ್ಟೆಯಾದರೆ ಮಳೆಗೆ ಸೋರುತ್ತದೆ, ಯಾರಾದರೂ ಬ್ಲೇಡು ಹಾಕುತ್ತಾರೆ ಎಂದು ನಮ್ಮ ಮನೆಯವರಿಗೆ ಭಯ. ಬೆಂಗಳೂರಿನಲ್ಲಿರುವ ನನ್ನ ತಮ್ಮನೂ ಮಹೀಂದ್ರಾ ಥಾರ್ ಜೀಪಿನ ವಿಷಯದಲ್ಲಿ ಇದೇ ಪ್ರಶ್ನೆ ಕೇಳುತ್ತಿದ್ದಾನೆ. ಸಲಹೆ ಕೊಡಿ.

ಉತ್ತರ: ನಿಮಗೆ ಬಟ್ಟೆಯ ಚಾವಣಿಯ ಕಾರೇ ಸರಿ. ಆದರೆ ಇದಕ್ಕೊಂದು ಷರತ್ತಿದೆ. ಮನೆಯಲ್ಲಿರುವ ದೊಡ್ಡ ಕಾರನ್ನು ಮಾರಬಾರದು. ಅದನ್ನು ಮಾರಿ, ಮಕ್ಕಳನ್ನು ನೋಡಲು ಹೋಗುವ ದೂರದ ಪ್ರಯಾಣಗಳನ್ನೂ ಇದೇ ಎರಡು ಸೀಟಿನ ಕಾರಿನಲ್ಲಿ ಮಾಡುವ ಯೋಚನೆಯಿದ್ದರೆ ನನ್ನ ಉತ್ತರ ತಿರುಗಿಬೀಳುತ್ತದೆ, ಆಗ ಆರ್‌ಎಫ್ ಕೊಳ್ಳಿ. ಏಕೆಂದರೆ ಈ ಎರಡರ ನಡುವಿನ ಆಯ್ಕೆ ಮಳೆಯ ಮೇಲೆ ನಿಂತಿಲ್ಲ. ವಾರದಲ್ಲಿ ಎಷ್ಟು ಗಂಟೆ ಚಾವಣಿ ಮುಚ್ಚಿಕೊಂಡು ಹೆದ್ದಾರಿಯ ವೇಗದಲ್ಲಿ ಓಡಿಸುತ್ತೀರಿ ಎಂಬುದರ ಮೇಲೆ ನಿಂತಿದೆ.

ಮೊದಲು ನಿಮ್ಮ ಮನೆಯವರ ಭಯಗಳನ್ನು ನೋಡೋಣ. ಅವು ಆಧಾರವಿಲ್ಲದ ಭಯಗಳಲ್ಲ, ಆದರೆ ಬೆರಳು ತೋರಿಸುತ್ತಿರುವ ಜಾಗ ತಪ್ಪು.

ಈಗಿನ ತಲೆಮಾರಿನ ಎಂಎಕ್ಸ್-5ರ ಬಟ್ಟೆಯ ಚಾವಣಿ ಒಂದೇ ಪದರದ ತಾಡಪಾಲಲ್ಲ. ಹೊರಗೆ ನೀರು ಹಿಡಿಯದ ಬಟ್ಟೆ, ಒಳಗೆ ಅಸ್ತರು, ಹಿಂದೆ ಬಿಸಿಯಾಗಿ ಮಂಜು ಬಿಡಿಸಿಕೊಳ್ಳುವ ಗಾಜು. 1989ರಲ್ಲಿ ಬಂದ ಮೊದಲ ಎಂಎಕ್ಸ್-5ಕ್ಕೆ ಹಿಂದಿನ ಕಿಟಕಿ ಪ್ಲಾಸ್ಟಿಕ್‌ನದು. ಕೆಲವು ವರ್ಷಗಳಲ್ಲೇ ಹಳದಿಗಟ್ಟಿ ಮಸುಕಾಗುತ್ತಿತ್ತು, ಮಡಿಕೆ ಬಿದ್ದಲ್ಲಿ ಬಿರುಕು ಬಿಡುತ್ತಿತ್ತು. ಬಟ್ಟೆಯ ಚಾವಣಿಗೆ ಅಂಟಿದ ಕೆಟ್ಟ ಹೆಸರಿನ ಅರ್ಧ ಭಾಗ ಆ ಕಾಲದ್ದು. ಎರಡನೇ ತಲೆಮಾರಿಗೆ ಗಾಜು ಬಂದ ಮೇಲೆ ಆ ತಾಪತ್ರಯ ಮುಗಿಯಿತು.

ಹಾಗಾದರೆ ಇಂಗ್ಲೆಂಡಿನ ರಸ್ತೆಗಳಲ್ಲಿ ಒಳಗೆ ನೀರು ತುಂಬಿಕೊಂಡ ಎಂಎಕ್ಸ್-5ಗಳು ಏಕೆ ಸಿಗುತ್ತವೆ? ಬಟ್ಟೆ ಸೋರಿದ್ದರಿಂದ ಅಲ್ಲ, ನೀರು ಹೊರಹೋಗುವ ದಾರಿ ಕಟ್ಟಿಕೊಂಡಿದ್ದರಿಂದ. ಚಾವಣಿಯ ಮೇಲೆ ಬಿದ್ದ ಮಳೆ ಹಿಂದಕ್ಕೂ ಪಕ್ಕಕ್ಕೂ ಇಳಿದು, ಬಾಗಿಲುಗಳ ಹಿಂಬದಿಯಲ್ಲಿ ಒಳಗೆ ಕೂರಿಸಿರುವ ಒಂದು ದೋಣಿಯಂಥ ಪಟ್ಟಿಗೆ ಬೀಳುತ್ತದೆ. ಅಲ್ಲಿಂದ ಎರಡೂ ಬದಿ ಒಂದೊಂದು ತೂತಿನ ಮೂಲಕ ಕೊಳವೆಯಲ್ಲಿ ಹರಿದು ಹಿಂದಿನ ಚಕ್ರಗಳ ಮುಂದೆ ನೆಲಕ್ಕೆ ಸುರಿಯಬೇಕು. ಮರದ ಕೆಳಗೆ ನಿಂತ ಕಾರಿನಲ್ಲಿ ಎಲೆ, ಹೂವಿನ ಪುಡಿ, ಪಾಚಿ ಎಲ್ಲವೂ ಆ ತೂತಿಗೆ ಹೋಗಿ ಕೂರುತ್ತವೆ. ನೀರು ದೋಣಿ ತುಂಬಿ ಸೀಟಿನ ಹಿಂದಿನ ಕಾರ್ಪೆಟ್‌ಗೆ ಹರಿಯುತ್ತದೆ. ಅಲ್ಲಿ ತೇವ ಕಣ್ಣಿಗೆ ಕಾಣುವುದಿಲ್ಲ, ಮೊದಲು ಮೂಗಿಗೆ ತಿಳಿಯುತ್ತದೆ. ಹಳೆಯ ಎರಡು ತಲೆಮಾರುಗಳಲ್ಲಿ ಹೀಗೆ ಒಳಗಿನಿಂದಲೇ ತುಕ್ಕು ಹಿಡಿದು, ಬಾಗಿಲ ಕೆಳಗಿನ ಕಬ್ಬಿಣದ ಪಟ್ಟಿಯ ಹಿಂಬದಿ ಕೊಳೆತು, ಕಾರು ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ವಾರ್ಷಿಕ ಎಂಒಟಿ ತಪಾಸಣೆಯಲ್ಲಿ ಬಿದ್ದ ಕಾರುಗಳಿಗೆ ಲೆಕ್ಕವಿಲ್ಲ. ವರ್ಷಕ್ಕೆರಡು ಬಾರಿ, ಅದರಲ್ಲೂ ಎಲೆ ಉದುರಿ ಮುಗಿದ ಮೇಲೆ, ಆ ತೂತುಗಳನ್ನು ಶುಚಿ ಮಾಡಿದರೆ ಈ ಕಥೆಯೇ ಇಲ್ಲ. ಒಂದು ಲೋಟ ನೀರು ಹುಯ್ದು ನೋಡಿ. ಕಾರಿನ ಕೆಳಗೆ ತಕ್ಷಣ ಸುರಿದರೆ ದಾರಿ ತೆರೆದಿದೆ, ತಡೆತಡೆದು ತೊಟ್ಟಿಕ್ಕಿದರೆ ಮೆತ್ತನೆಯ ಪ್ಲಾಸ್ಟಿಕ್ ನಳಿಕೆಯನ್ನು ಹುಷಾರಾಗಿ ಇಳಿಬಿಟ್ಟು ಕಸ ತೆಗೆಯಬೇಕು. ಕಬ್ಬಿಣದ ತಂತಿಯಿಂದ ಚುಚ್ಚಬೇಡಿ, ಒಳಗಿನ ಕೊಳವೆ ಹರಿದರೆ ಕೆಲಸ ದೊಡ್ಡದಾಗುತ್ತದೆ.

ಗಮನಿಸಿ, ಆರ್‌ಎಫ್‌ನಲ್ಲೂ ನೀರು ಹೋಗಬೇಕಾದ್ದು ಇಂಥ ದಾರಿಗಳಲ್ಲೇ. ಗಟ್ಟಿ ಚಾವಣಿಯೂ ಒಂದೇ ತಗಡಲ್ಲ, ತುಂಡುತುಂಡು. ತುಂಡುಗಳ ನಡುವೆ ರಬ್ಬರ್ ಬೀಡಿಂಗ್ ಇದೆ. ಬಟ್ಟೆಯ ಚಾವಣಿಗಿಂತ ಅದರಲ್ಲಿ ಸೇರುವೆಗಳು ಹೆಚ್ಚು, ಹಾಗಾಗಿ ಬೀಡಿಂಗ್ ಒಣಗಿದಾಗ ಕಿರುಗುಟ್ಟುವ ಜಾಗಗಳೂ ಹೆಚ್ಚು. ಮಳೆಯ ಹೆಸರಿನಲ್ಲಿ ಆರ್‌ಎಫ್ ಕೊಂಡವರಿಗೆ ಸಿಗುವ ಲಾಭ ಅಷ್ಟಕ್ಕಷ್ಟೇ.

ಬ್ಲೇಡಿನ ಭಯ ಬೇರೆ ಮಾತು. ಅದು ನಿಜವಾದ ಅಪಾಯ. ಬಟ್ಟೆ ಕೊಯ್ಯುವವನಿಗೆ ಬೇಕಿರುವುದು ಸಾಮಾನ್ಯವಾಗಿ ಕಾರಲ್ಲ, ಸೀಟಿನ ಮೇಲೆ ಕಾಣುವ ಚೀಲ. ಆದ್ದರಿಂದ ಕಣ್ಣಿಗೆ ಬೀಳುವಂತೆ ಏನನ್ನೂ ಬಿಡಬಾರದು, ಚಾರ್ಜರ್ ವೈರನ್ನೂ ಕೂಡ. ಈ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಎಡಗಡೆ ಮಾಮೂಲಿ ಗ್ಲವ್ ಬಾಕ್ಸ್ ಇಲ್ಲ. ಬದಲಿಗೆ ಎರಡು ಸೀಟುಗಳ ನಡುವೆ, ಹಿಂದಿನ ಗೋಡೆಯಲ್ಲಿ, ಬೀಗ ಹಾಕಬಹುದಾದ ಒಂದು ಪುಟ್ಟ ಗೂಡು ಇದೆ. ಕಾಗದಪತ್ರ ಅಲ್ಲಿರಲಿ, ಉಳಿದದ್ದು ಡಿಕ್ಕಿಗೆ. ಇಷ್ಟಾಗಿಯೂ ಕುಡಿದು ಹೋಗುವ ಯಾರೋ ಸುಮ್ಮನೆ ಗೀರಿ ಹೋಗಬಹುದು, ಅದಕ್ಕೆ ಮದ್ದಿಲ್ಲ. ಪಬ್ಬುಗಳ ಎದುರು, ರೈಲು ನಿಲ್ದಾಣದ ಪಕ್ಕ ನಿಮ್ಮ ಮನೆಯಿದ್ದರೆ ಆರ್‌ಎಫ್ ಕಡೆಗೆ ಒಂದು ಮತ ಹಾಕಿಕೊಳ್ಳಿ. ಸದ್ದಿಲ್ಲದ ವಸತಿ ಬೀದಿಯಾದರೆ ಇದೊಂದೇ ಕಾರಣಕ್ಕೆ ಮನಸ್ಸು ಬದಲಿಸಬೇಕಿಲ್ಲ.

ಇನ್ನು ಎರಡೂ ಕಾರುಗಳ ಚಾವಣಿ ಹೇಗೆ ಕೆಲಸ ಮಾಡುತ್ತದೆ ಎಂಬುದು. ಇಲ್ಲಿಯೇ ನಿಜವಾದ ವ್ಯತ್ಯಾಸ ಇರುವುದು.

ಬಟ್ಟೆಯ ಚಾವಣಿಗೆ ಮೋಟಾರಿಲ್ಲ. ಮುಂದಿನ ಗಾಜಿನ ಮೇಲ್ಚೌಕಟ್ಟಿನ ನಡುವೆ ಒಂದೇ ಒಂದು ಕೊಕ್ಕೆ. ಅದನ್ನು ಬಿಚ್ಚಿ, ಕುಳಿತಲ್ಲಿಂದಲೇ ಒಂದು ಕೈಯಲ್ಲಿ ಹಿಂದಕ್ಕೆ ತಳ್ಳಿ, ಹಿಂದೆ ಕೂತ ಮೇಲೆ ಒಮ್ಮೆ ಒತ್ತಿದರೆ ಕಟ್ ಎಂದು ಹಿಡಿದುಕೊಳ್ಳುತ್ತದೆ. ಮಡಚಿದಾಗ ಚಾವಣಿಯ ಮುಂಭಾಗವೇ ಮೇಲೆ ಬಂದು ತನಗೆ ತಾನೇ ಮುಚ್ಚಳವಾಗುತ್ತದೆ, ಬೇರೆ ಹೊದಿಕೆ ಹಾಕುವ ರಗಳೆ ಇಲ್ಲ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಹಸಿರಾಗುವುದರೊಳಗೆ ಮುಗಿಯುವ ಕೆಲಸ. ಹನಿ ಬಿತ್ತೋ, ಅಷ್ಟೇ ಬೇಗ ಮೇಲಕ್ಕೆ. ಭುಜದ ನೋವಿರುವವರಿಗೆ ಮಾತ್ರ ಕುಳಿತಲ್ಲಿಂದ ಹಿಂದಕ್ಕೆ ಕೈಚಾಚಿ ಎಳೆಯುವುದು ಕಷ್ಟ. ಅದನ್ನು ನಿಮ್ಮಿಬ್ಬರಲ್ಲಿ ಯಾರು ಹೆಚ್ಚು ಓಡಿಸುತ್ತೀರೋ ಅವರು ಮಾಡಿ ನೋಡಿ.

ಆರ್‌ಎಫ್ 2016ರ ನ್ಯೂಯಾರ್ಕ್ ಪ್ರದರ್ಶನದಲ್ಲಿ ಬಂದದ್ದು. ಗುಂಡಿ ಒತ್ತಿ ಹಿಡಿದರೆ ಸೀಟುಗಳ ಹಿಂದಿನ ಇಡೀ ಕಮಾನು ಮೇಲೆದ್ದು ಹಿಂದೆ ಸರಿಯುತ್ತದೆ, ತಲೆಯ ಮೇಲಿನ ತುಂಡುಗಳು ಮಡಚಿಕೊಂಡು ಸೀಟಿನ ಹಿಂದೆ ಇಳಿಯುತ್ತವೆ, ಕಮಾನು ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಸುಮಾರು 13 ಸೆಕೆಂಡು. ನೋಡಲು ಬಲು ಚೆಂದ, ಪಕ್ಕದ ಕಾರಿನ ಮಕ್ಕಳು ಮೊಬೈಲ್ ಎತ್ತಿ ಹಿಡಿಯುತ್ತಾರೆ. ಆದರೆ ವೇಗ ಗಂಟೆಗೆ 10 ಕಿಲೋಮೀಟರ್ ದಾಟಿದರೆ ಅದು ಅಲ್ಲಾಡುವುದಿಲ್ಲ. ಎಂ4ನಲ್ಲಿ ಹೋಗುವಾಗ ಮಳೆ ಬಂದರೆ ಮುಂದಿನ ತಂಗುದಾಣದವರೆಗೆ ನೆನೆಯಬೇಕು. ಓಡುತ್ತಿರುವಾಗ ಎಳೆದುಕೊಳ್ಳುವುದು ಬಟ್ಟೆಯ ಚಾವಣಿಯಲ್ಲೂ ಆಗದು, ಅದನ್ನು ಪ್ರಯತ್ನಿಸಲೂ ಬಾರದು. ಹೋಲಿಕೆ ಏನಿದ್ದರೂ ಊರೊಳಗಿನ ನಿಲುಗಡೆಗಳಲ್ಲಿ, ಅಲ್ಲಿ ಗೆಲ್ಲುವುದು ಕೈಯ ಚಾವಣಿ.

ಮಡಚಿದ ಮೇಲೂ ಆರ್‌ಎಫ್ ಪೂರ್ತಿ ಬಯಲಾಗುವುದಿಲ್ಲ. ಹಿಂದಿನ ಕಮಾನು ಹೆಗಲ ಹಿಂದೆ ನಿಂತೇ ಇರುತ್ತದೆ. ತಲೆಯ ಮೇಲೆ ಆಕಾಶ ಉಂಟು, ಬೆನ್ನ ಹಿಂದೆ ಇಲ್ಲ. ಹೆದ್ದಾರಿಯ ವೇಗದಲ್ಲಿ ತೆರೆದು ಓಡಿಸಿದರೆ ಆ ಕಮಾನಿಗೆ ಗಾಳಿ ಬಡಿದು ಕಿವಿಯ ಹತ್ತಿರ ಗುದ್ದುವಂತೆ ಸದ್ದು ಮಾಡುತ್ತದೆ. ಮುಚ್ಚಿದಾಗ ಹೆಚ್ಚು ಶಾಂತವಾಗಿರುವ ಕಾರೇ ತೆರೆದಾಗ ಹೆಚ್ಚು ಗದ್ದಲ ಮಾಡುವುದು ಈ ಜೋಡಿಯ ವಿಚಿತ್ರ. ಅದೇ ಕಮಾನು ಹಿಂದಿನಿಂದ ಓರೆಯಾಗಿ ಬರುವ ವಾಹನವನ್ನೂ ಮರೆಮಾಡುತ್ತದೆ. ಎಂ4ಗೆ ಸೇರುವ ಇಳಿಜಾರಿನಲ್ಲಿ ಬಲಗಡೆ ತಿರುಗಿ ನೋಡುವಾಗ ಇದು ನಿಮಗೆ ದಿನವೂ ಎದುರಾಗುವ ಸಂಗತಿ. ಹೊರಗನ್ನಡಿಗಳನ್ನು ಸ್ವಲ್ಪ ಹೆಚ್ಚು ಹೊರಕ್ಕೆ ತಿರುಗಿಸಿಕೊಂಡರೆ ತಕ್ಕಮಟ್ಟಿಗೆ ಸರಿಹೋಗುತ್ತದೆ.

ಆರ್‌ಎಫ್ ಪರವಾಗಿ ಹೇಳಬೇಕಾದ ದೊಡ್ಡ ಮಾತೆಂದರೆ ಮುಚ್ಚಿದಾಗಿನ ಶಾಂತಿ. ಗಂಟೆಗೆ 70 ಮೈಲಿ ವೇಗದಲ್ಲಿ, ಒದ್ದೆ ರಸ್ತೆಯಲ್ಲಿ, ಪಕ್ಕದಲ್ಲಿ ಲಾರಿ ನೀರು ಎರಚಿಕೊಂಡು ಹೋಗುವಾಗ ಬಟ್ಟೆಯ ಚಾವಣಿಯೊಳಗೆ ಮಾತಾಡಲು ದನಿ ಎತ್ತಬೇಕು. ಆರ್‌ಎಫ್‌ನಲ್ಲಿ ಅಷ್ಟು ಬೇಕಾಗುವುದಿಲ್ಲ. ಹಾಗೆಂದು ಅದು ಸದ್ದೇ ಇಲ್ಲದ ಕಾರೆಂದು ತಿಳಿಯಬೇಡಿ. ಟೈರಿನ ಸದ್ದು, ಎಂಜಿನ್ನಿನ ಸದ್ದು ಎರಡರಲ್ಲೂ ಬರುತ್ತದೆ, ಹಗುರವಾಗಿರಲೆಂದೇ ಕಟ್ಟಿದ ಗಾಡಿ ಇದು. ರೀಡಿಂಗ್‌ನಿಂದ ಸ್ಲೌಗೆ 20 ಮೈಲಿಯ ಆಸುಪಾಸು, ಬೆಳಗಿನ ಹೊತ್ತು ಅದರಲ್ಲಿ ಅರ್ಧ ದಾರಿ ತೆವಳಿಕೊಂಡೇ ಹೋಗಬೇಕು. ಅಷ್ಟಕ್ಕೆ ಬಟ್ಟೆಯ ಸದ್ದು ಹೊರೆಯಲ್ಲ. ಅದೇ ನಾಲ್ಕು ಗಂಟೆ ಕೂತು ಉತ್ತರಕ್ಕೆ ಹೋಗುವುದಾದರೆ ಇಳಿದಾಗ ತಲೆ ಜುಮ್ಮೆನ್ನುತ್ತದೆ. ಅದಕ್ಕೇ ದೊಡ್ಡ ಕಾರು ಇರಲಿ ಎಂದದ್ದು.

ತೂಕದಲ್ಲಿ ಆರ್‌ಎಫ್ ಸುಮಾರು 45 ಕಿಲೋ ಹೆಚ್ಚು. ಒಂದು ಟನ್ನಿನ ಆಸುಪಾಸಿನ ಕಾರಿಗೆ ಅದು ಸಣ್ಣ ಭಾರವಲ್ಲ, ಮುಚ್ಚಿದಾಗ ಅದರ ಬಹುಪಾಲು ಮೇಲ್ಗಡೆಯೇ ಇರುತ್ತದೆ. ಆದರೂ ದಿನದ ಓಡಾಟದಲ್ಲಿ ನಿಮಗೆ ಗೊತ್ತಾಗುವುದು ಕಡಿಮೆ. ತಿರುವುಗಳ ರಸ್ತೆಯಲ್ಲಿ ಎರಡನ್ನೂ ಒಂದರ ಹಿಂದೊಂದು ಓಡಿಸಿದರೆ ಮಾತ್ರ ಬಟ್ಟೆಯದು ಚುರುಕು ಎನಿಸುತ್ತದೆ. ಡಿಕ್ಕಿಯಲ್ಲಿ ಹೆಚ್ಚುಕಡಿಮೆಯೇ ಇಲ್ಲ, ಬಟ್ಟೆಯದಕ್ಕೆ 130 ಲೀಟರ್, ಆರ್‌ಎಫ್‌ಗೆ 127. ಎರಡೂ ಚಿಕ್ಕವೇ. ಎರಡು ಕೈಚೀಲ, ಒಂದು ಅಕ್ಕಿ ಮೂಟೆ, ಮುಗಿಯಿತು.

ಈ ಡಿಕ್ಕಿಯ ಲೆಕ್ಕ ಎಲ್ಲ ಕಾರುಗಳಿಗೂ ಹೀಗಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಅದೇ ಬೆಲೆಗೆ ನಿಮಗೆ 2009ರ ನಂತರದ ಬಿಎಂಡಬ್ಲ್ಯು ಜೆಡ್4 ಕೂಡ ಸಿಗುತ್ತದೆ, ಯಾರಾದರೂ ತೋರಿಸಿಯೇ ತೋರಿಸುತ್ತಾರೆ. ಅದರ ಗಟ್ಟಿ ಚಾವಣಿ ಮಡಚಿಕೊಂಡು ಹೋಗಿ ಕೂರುವುದು ಡಿಕ್ಕಿಯೊಳಗೆ. ಮುಚ್ಚಿದಾಗ 310 ಲೀಟರ್ ಇದ್ದದ್ದು ತೆರೆದಾಗ 180ಕ್ಕೆ ಇಳಿಯುತ್ತದೆ. ಸಾಮಾನು ತುಂಬಿ ಹೊರಟವರು ಬಿಸಿಲು ಬಂದಾಗ ಚಾವಣಿ ತೆಗೆಯಲಾಗದೆ ಕೂರಬೇಕು. ಅದರ ನಂತರದ ಜೆಡ್4ಗೆ, 2018ರಲ್ಲಿ, ಬಿಎಂಡಬ್ಲ್ಯು ಮತ್ತೆ ಬಟ್ಟೆಯನ್ನೇ ಹಾಕಿತು. ತೆರೆದರೂ ಮುಚ್ಚಿದರೂ ಡಿಕ್ಕಿ 281 ಲೀಟರ್, ಗಂಟೆಗೆ 50 ಕಿಲೋಮೀಟರ್ ವೇಗದವರೆಗೆ ಓಡುತ್ತಲೇ 10 ಸೆಕೆಂಡಿನಲ್ಲಿ ತೆರೆಯುತ್ತದೆ. ಮರ್ಸಿಡಿಸ್ ಕಥೆಯೂ ಇದೇ. 1996ರ ಎಸ್‌ಎಲ್‌ಕೆಯಿಂದ ಮಡಚುವ ಲೋಹದ ಚಾವಣಿಯನ್ನು ಮನೆಮಾತಾಗಿಸಿದ ಕಂಪನಿ, 2021ರ ಎಸ್‌ಎಲ್‌ನಲ್ಲಿ ಬಟ್ಟೆಗೆ ಮರಳಿತು. ಫ್ರಾನ್ಸಿನಲ್ಲಿ ಜಾರ್ಜ್ ಪೋಲಾಂ ಎಂಬ ದಂತವೈದ್ಯ 1930ರ ದಶಕದಲ್ಲೇ ಇಂಥ ಚಾವಣಿಗೆ ಪೇಟೆಂಟ್ ಪಡೆದು ಪೂಜೋ ಕಾರುಗಳಲ್ಲಿ ಅದನ್ನು ಓಡಿಸಿ ತೋರಿಸಿದ್ದ. 1957ರಲ್ಲಿ ಫೋರ್ಡ್ ಸ್ಕೈಲೈನರ್ ಬಂತು, ಮೂರು ವರ್ಷಕ್ಕೆ ನಿಂತಿತು. ಭಾರ, ಬೆಲೆ, ಡಿಕ್ಕಿ ಎಂಬ ಮೂರು ಗಂಟುಗಳು ಅಂದಿನಿಂದ ಇಂದಿನವರೆಗೂ ಬಿಚ್ಚಿಲ್ಲ. ಬಟ್ಟೆಯಾದರೋ ಈ ಅವಧಿಯಲ್ಲಿ ಪದರ ಕಟ್ಟಿಕೊಂಡು ಬಹಳ ಸುಧಾರಿಸಿತು. ಗಟ್ಟಿ ಚಾವಣಿ ಎಂದರೆ ಹೊಸ ಕಾಲದ್ದು, ಬಟ್ಟೆ ಎಂದರೆ ಹಳೆಯದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಸುರಕ್ಷತೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಕಾರು ಮಗುಚಿದರೆ ಕಾಯುವುದು ಮುಂಗಾಜಿನ ಚೌಕಟ್ಟು ಮತ್ತು ಸೀಟುಗಳ ಹಿಂದಿನ ಕಮಾನುಕಂಬಿಗಳು. ಮಡಚಿಕೊಳ್ಳುವ ತುಂಡುಗಳ ಚಾವಣಿಯನ್ನು ಮಾಮೂಲಿ ಕಾರಿನ ತಗಡಿನಂತೆ ನೆಚ್ಚಿಕೊಳ್ಳಬಾರದು.

ಕೆಟ್ಟಾಗ ಏನು ಗತಿ ಎಂಬುದು ನನ್ನ ತೀರ್ಮಾನದ ಹಿಂದಿನ ಇನ್ನೊಂದು ಕಾರಣ. ಬಟ್ಟೆ ಹರಿದರೆ, ಸವೆದರೆ, ಇಂಗ್ಲೆಂಡಿನ ಯಾವ ಪಟ್ಟಣದಲ್ಲಾದರೂ ಕಾರಿನ ಚಾವಣಿ ಹೊಲಿದು ಕೂರಿಸುವ ಕಸುಬಿನವರು ಸಿಗುತ್ತಾರೆ. ಎಂಎಕ್ಸ್-5 ಅವರಿಗೆ ಅನ್ನದ ಕಾರು, ಕಣ್ಣು ಮುಚ್ಚಿಕೊಂಡು ಮಾಡುತ್ತಾರೆ. ಖರ್ಚು ಎಷ್ಟೆಂದು ಮೊದಲೇ ತಿಳಿಯುತ್ತದೆ. ಆರ್‌ಎಫ್‌ನ ಚಾವಣಿ ಅರ್ಧದಲ್ಲಿ ನಿಂತರೆ ತಪ್ಪು ಮೋಟಾರಿನದೋ, ಸೆನ್ಸರ್‌ನದೋ, ಸೊರಗಿದ ಬ್ಯಾಟರಿಯದೋ, ಬಾಗಿದ ತೋಳಿನದೋ ಎಂದು ಹುಡುಕುವುದೇ ಒಂದು ಬಿಲ್ಲು. ನ್ಯಾಯವಾಗಿ ಹೇಳಬೇಕೆಂದರೆ ಆರ್‌ಎಫ್‌ನದು ಪದೇಪದೇ ಕೆಡುವ ಯಂತ್ರವಲ್ಲ. ಆದರೆ ಹತ್ತು ವರ್ಷ ಇಟ್ಟುಕೊಳ್ಳುವ ಕಾರಿನಲ್ಲಿ ಇಲ್ಲದ ಮೋಟಾರು ಕೆಡುವುದಿಲ್ಲ ಎಂಬುದೂ ನಿಜ.

ಮರದ ಕೆಳಗೆ ನಿಲ್ಲುವ ನಿಮ್ಮ ಕಾರಿನ ಬಟ್ಟೆಗೆ ಬೇಕಾದ ಆರೈಕೆ ಇಷ್ಟು. ಮೆತ್ತನೆಯ ಬ್ರಷ್ಷು, ಬಕೆಟ್ ನೀರು, ಚಾವಣಿಗೆಂದೇ ಸಿಗುವ ದ್ರಾವಣ. ತೊಳೆದು ಪೂರ್ತಿ ಒಣಗಿದ ಮೇಲೆ ವರ್ಷಕ್ಕೊಮ್ಮೆ ನೀರು ತಡೆಯುವ ಲೇಪ. ನೀರು ಮಣಿಮಣಿಯಾಗಿ ಉರುಳುತ್ತಿದ್ದರೆ ಲೇಪ ಇನ್ನೂ ಇದೆ, ಬಟ್ಟೆ ನೀರು ಕುಡಿದು ಕಪ್ಪಾಗುತ್ತಿದ್ದರೆ ಮತ್ತೆ ಹಚ್ಚುವ ಹೊತ್ತು. ಪೆಟ್ರೋಲ್ ಬಂಕಿನ ಜೆಟ್ ನೀರನ್ನು ಹತ್ತಿರದಿಂದ ಬಿಡಬೇಡಿ, ತಿರುಗುವ ಬ್ರಷ್ಷುಗಳ ಯಂತ್ರದೊಳಗೆ ಕಾರನ್ನು ನುಗ್ಗಿಸಬೇಡಿ. ಹಕ್ಕಿಯ ಹಿಕ್ಕೆಯನ್ನು ಅದೇ ದಿನ ನೆನೆಸಿ ತೆಗೆಯಿರಿ, ಉಜ್ಜಿದರೆ ನೂಲಿನೊಳಕ್ಕೆ ಇಳಿಯುತ್ತದೆ. ನೆರಳಿನ ಬದಿಯಲ್ಲಿ ಹಸಿರು ಪಾಚಿ ಕಟ್ಟುವುದು ಅಲ್ಲಿಯ ಹವೆಗೆ ಸಹಜ. ತೀರ್ಥಹಳ್ಳಿಯ ಹೆಂಚು ಕಂಡ ನಿಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಒದ್ದೆ ಚಾವಣಿಯನ್ನು ಅನಿವಾರ್ಯವಾಗಿ ಮಡಚಿದರೆ ಮನೆಗೆ ಬಂದೊಡನೆ ಬಿಚ್ಚಿ ಒಣಗಿಸಿ. ಹಿಮಗಟ್ಟಿದ ಬೆಳಿಗ್ಗೆ ಬಲವಂತವಾಗಿ ಮಡಚಬೇಡಿ.

ಅಂದ ಹಾಗೆ, ಇಂಗ್ಲೆಂಡಿನಲ್ಲಿ ತೆರೆದ ಕಾರಿನ ಸುಖ ಬೇಸಿಗೆಗೆ ಮಾತ್ರ ಸೀಮಿತವಲ್ಲ. ಅಕ್ಟೋಬರ್‌ನ ಒಣ ಬೆಳಿಗ್ಗೆ, ಪಕ್ಕದ ಗಾಜುಗಳನ್ನು ಏರಿಸಿ, ಕಾಲಿಗೆ ಹೀಟರ್ ಬಿಟ್ಟುಕೊಂಡು, ತಲೆಗೊಂದು ಉಣ್ಣೆಯ ಟೋಪಿ ಹಾಕಿ ಹೆನ್ಲಿ ಕಡೆಗೆ ಥೇಮ್ಸ್ ದಂಡೆಯ ರಸ್ತೆಯಲ್ಲಿ ಹೋಗಿ ಬನ್ನಿ. ಜುಲೈ ಮಧ್ಯಾಹ್ನದ ಬಿಸಿಲಿಗಿಂತ ಅದೇ ಮೇಲು. ಇಂಥ ಹೊತ್ತಿನಲ್ಲಿ ಒಂದು ಕೈಯಲ್ಲಿ ತೆರೆಯುವ ಚಾವಣಿ ಇದ್ದರೆ ಹತ್ತು ನಿಮಿಷದ ದಾರಿಗೂ ತೆರೆಯುತ್ತೀರಿ.

ಈಗ ಕಾರು ನೋಡಲು ಹೋಗುವ ದಿನದ ಮಾತು. ಸಾಧ್ಯವಾದರೆ ಮಳೆ ನಿಂತ ಮರುದಿನ ಹೋಗಿ. ಬಾಗಿಲು ತೆರೆದೊಡನೆ ಮೂಸಿ ನೋಡಿ, ಸುಗಂಧದ ಡಬ್ಬಿ ತೂಗುಹಾಕಿದ್ದರೆ ಇನ್ನೂ ಎಚ್ಚರ. ಸೀಟನ್ನು ಮುಂದಕ್ಕೆ ತಳ್ಳಿ ಹಿಂದಿನ ಕಾರ್ಪೆಟ್ ಒತ್ತಿ, ಬೆರಳಿಗೆ ತೇವ ಬರಬಾರದು. ಬಟ್ಟೆಯ ಚಾವಣಿಯಾದರೆ ಅರ್ಧ ಮಡಚಿದ ಸ್ಥಿತಿಯಲ್ಲಿ ನಿಲ್ಲಿಸಿ, ಕಬ್ಬಿಣದ ಚೌಕಟ್ಟಿನ ಮೂಲೆಗಳು ಬಟ್ಟೆಗೆ ಉಜ್ಜುವ ಜಾಗಗಳನ್ನು, ಅಂದರೆ ಬಾಗಿಲ ಗಾಜಿನ ಹಿಂದಿನ ಮೇಲ್ತುದಿಯನ್ನು ಎರಡೂ ಬದಿ ನೋಡಿ. ಮೊದಲು ಬಟ್ಟೆಯ ಹೊಳಪು ಹೋಗುತ್ತದೆ, ಆಮೇಲೆ ನೂಲು ಕಾಣುತ್ತದೆ, ಕೊನೆಗೆ ಕಡಲೆ ಗಾತ್ರದ ತೂತು. ಒಳಗೆ ಕೂತು ಚಾವಣಿ ಮುಚ್ಚಿ, ಹೊರಗಿನಿಂದ ಇನ್ನೊಬ್ಬರು ಟಾರ್ಚ್ ಹಾಯಿಸಲಿ, ಬೆಳಕು ಎಲ್ಲಿ ನುಸುಳುತ್ತದೋ ಅಲ್ಲಿ ನೀರೂ ನುಸುಳುತ್ತದೆ. ಆರ್‌ಎಫ್ ಆದರೆ ಎಂಜಿನ್ ಚಾಲೂ ಇಟ್ಟು ಎರಡು ಬಾರಿ ತೆರೆದು ಮುಚ್ಚಿ. ಕಮಾನಿನ ಎರಡೂ ಬದಿ ಒಟ್ಟಿಗೆ ಏಳಬೇಕು, ಒಂದು ಹಿಂದೆ ಬೀಳಬಾರದು. ಮುಚ್ಚಿದ ಮೇಲೆ ತುಂಡುಗಳ ನಡುವಿನ ಸಂದು ಎಡಬಲ ಒಂದೇ ಅಳತೆಯಿರಬೇಕು. ಒರಟು ರಸ್ತೆಯಲ್ಲಿ ರೇಡಿಯೋ ಆರಿಸಿ ಓಡಿಸಿ ಕಿರುಗುಟ್ಟುವುದನ್ನು ಕೇಳಿಸಿಕೊಳ್ಳಿ. ಬೀಡಿಂಗ್‌ಗೆ ಸಿಲಿಕೋನ್ ಗ್ರೀಸ್ ಸವರಿದರೆ ಬಹಳಷ್ಟು ಸಲ ಹೋಗುತ್ತದೆ, ಆದರೆ ಬೆಲೆ ಮಾತಾಡುವಾಗ ಅದು ನಿಮ್ಮ ಕೈಯಲ್ಲಿರುವ ಇಸ್ಪೀಟಿನ ಎಲೆ.

ಚಾವಣಿಯ ಗುಂಗಿನಲ್ಲಿ ಒಂದು ಮುಖ್ಯ ಸಂಗತಿ ಮರೆಯಬೇಡಿ. 2018ರಲ್ಲಿ ಈ ಕಾರನ್ನು ಪರಿಷ್ಕರಿಸಿದಾಗ 2 ಲೀಟರ್ ಎಂಜಿನ್ನಿನ ಶಕ್ತಿ 160ರಿಂದ 184 ಅಶ್ವಶಕ್ತಿಗೆ ಏರಿತು, ಸ್ಟೀರಿಂಗನ್ನು ಹಿಂದೆ ಮುಂದೆ ಸರಿಸುವ ಅನುಕೂಲ ಬಂತು. ಅದಕ್ಕೂ ಮೊದಲಿನ ಕಾರುಗಳಲ್ಲಿ ಸ್ಟೀರಿಂಗ್ ಮೇಲೆ ಕೆಳಗೆ ಮಾತ್ರ ಸರಿಯುತ್ತದೆ. ನೀವು ಎತ್ತರದವರಾದರೆ ಈ ವ್ಯತ್ಯಾಸ ಬಟ್ಟೆ, ಗಟ್ಟಿ ಎಂಬ ವ್ಯತ್ಯಾಸಕ್ಕಿಂತ ದೊಡ್ಡದು. ಅದೇ ಹಣಕ್ಕೆ 2017ರ ಆರ್‌ಎಫ್ ಮತ್ತು 2019ರ ಬಟ್ಟೆಯ ಚಾವಣಿಯದು ಎದುರಿಗಿದ್ದರೆ ನಾನು ಎರಡನೆಯದನ್ನು ತೆಗೆದುಕೊಳ್ಳುತ್ತೇನೆ.

ನಿಮ್ಮ ತಮ್ಮನವರ ಪ್ರಶ್ನೆ ಬೇರೆ ಜಾತಿಯದು. 2020ರಲ್ಲಿ ಬಂದ ಥಾರ್‌ನ ಹಾರ್ಡ್ ಟಾಪ್ ತೆರೆಯುವುದೇ ಇಲ್ಲ, ಅದು ಮಾಮೂಲಿ ಮುಚ್ಚಿದ ಜೀಪು. ಸಾಫ್ಟ್ ಟಾಪ್ ಎಂದರೆ ಕ್ಯಾನ್ವಾಸು, ಹಿಂದಿನ ಕಿಟಕಿಗಳು ಪ್ಲಾಸ್ಟಿಕ್ಕಿನವು, ಬಿಚ್ಚಿ ಕಟ್ಟುವುದು ಕೈಕೆಲಸ. ಅಲ್ಲಿ ಪ್ರತ್ಯೇಕ ಡಿಕ್ಕಿಯೂ ಇಲ್ಲ, ಹಿಂದಿಟ್ಟ ಸಾಮಾನಿಗೆ ಬೀಗದ ಭರವಸೆಯಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬಸ್ಸಿನ ಹೊಗೆ, ಕಾಮಗಾರಿಯ ದೂಳಿನ ನಡುವೆ ತೆರೆದು ಓಡಿಸುವ ದಿನಗಳು ಎಷ್ಟು ಸಿಕ್ಕಾವು? ಎರಡನೇ ಕಾರಾಗಿ, ವಾರಾಂತ್ಯಕ್ಕೆ ಸಕಲೇಶಪುರದ ಕಡೆ ಹೋಗಲೆಂದೇ ಕೊಳ್ಳುವುದಾದರೆ ಸರಿ. ಮನೆಗೆ ಒಂದೇ ಕಾರು ಎಂದಾದರೆ ಹಾರ್ಡ್ ಟಾಪ್ ತೆಗೆದುಕೊಳ್ಳಲಿ.

ನೀವು ಹಣ ಕೊಡುವ ಮುನ್ನ ಒಂದು ಕೆಲಸ ಮಾಡಿ. ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ಕಾರಿನ ನೋಂದಣಿ ಸಂಖ್ಯೆ ಹಾಕಿದರೆ ಅದರ ಹಿಂದಿನ ಎಂಒಟಿ ತಪಾಸಣೆಗಳ ವರದಿ ಉಚಿತವಾಗಿ ಸಿಗುತ್ತದೆ. ಮೈಲಿಗಳ ಓಟ ವರ್ಷದಿಂದ ವರ್ಷಕ್ಕೆ ಹೊಂದುತ್ತದೆಯೇ, ತುಕ್ಕಿನ ಬಗ್ಗೆ ಎಚ್ಚರಿಕೆ ಬರೆದಿದ್ದಾರೆಯೇ ನೋಡಿ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಈ ಕಾರಿನ ತಳವನ್ನು ತಿನ್ನುತ್ತದೆ. ತುಕ್ಕಿನ ಉಲ್ಲೇಖ ಎರಡು ವರ್ಷ ಸತತವಾಗಿ ಕಂಡರೆ ಚಾವಣಿ ಯಾವುದೇ ಇರಲಿ, ಆ ಕಾರನ್ನು ಬಿಟ್ಟು ಮುಂದಿನದನ್ನು ನೋಡಿ.